ಪರಿಮಾಣ ವ್ರತ ಮತ್ತು ಮೂರೂವರೆ ಮಿಲಿಮೀಟರ್

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಾಗಲಿ ಯಲಹಂಕ ಉಪನಗರದಲ್ಲಾಗಲಿ ಮೊಬೈಲ್ ಅಂಗಡಿಗೆ ಹೋಗಿ ಇಯರ್‌ಫೋನ್ ಜಾಕ್ ಇರುವ ಫೋನ್ ಬೇಕೆಂದರೆ ತೋರಿಸುವುದು ಹೆಚ್ಚಾಗಿ ಹತ್ತು ಹದಿನೈದು ಸಾವಿರದ ಆಸುಪಾಸಿನವನ್ನು. ರೆಡ್‌ಮಿ, ಮೋಟೊ, ಪೋಕೊ ಮುಂತಾದವುಗಳ ಅಗ್ಗದ ಸರಣಿಗಳಲ್ಲಿ ಆ ಮೂರೂವರೆ ಮಿಲಿಮೀಟರ್ ತೂತು ಇನ್ನೂ ಉಳಿದಿದೆ. ಬೆಲೆ ಮೂವತ್ತು ಸಾವಿರ ದಾಟಿತೆಂದರೆ ಹುಡುಕಿದರೂ ಸಿಗುವುದು ಕಷ್ಟ. ಕ್ಯಾಮೆರಾ ಚೆನ್ನಾಗಿರಬೇಕು, ನಾಲ್ಕೈದು ವರ್ಷ ಅಪ್‌ಡೇಟ್ ಬರಬೇಕು, ಮನೆಯಲ್ಲಿರುವ ವೈರಿನ ಇಯರ್‌ಫೋನೂ ನಡೆಯಬೇಕು ಎನ್ನುವವರಿಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ಈಗೆಲ್ಲಾ ಬಡ್ಸೇ ಸಾರ್.’ ಇದು ತಾಂತ್ರಿಕ ಸಂಗತಿ, ಹೆಚ್ಚೆಂದರೆ ಗ್ರಾಹಕರ ಹಕ್ಕಿನ ಸಂಗತಿ ಎಂದು ಬಿಟ್ಟುಬಿಡಬಹುದು. ನನಗೆ ಇದು ಧರ್ಮದ ಪ್ರಶ್ನೆಯಾಗಿಯೂ ಕಾಣುತ್ತದೆ. ಇರುವುದರಲ್ಲೇ ತೃಪ್ತಿಯಾಗಿರುತ್ತೇನೆ ಎಂಬ ನಿರ್ಧಾರ ಮನಸ್ಸಿನೊಳಗೆ ಮಾತ್ರ ನಡೆಯುವಂಥದೇ, ಅಥವಾ ಅದಕ್ಕೆ ಹೊರಗಿನ ವಸ್ತುಗಳ ಆಸರೆಯೂ ಬೇಕೇ? ಬೇಕು ಎನ್ನುವುದು ನನ್ನ ವಾದ. ಆ ಆಸರೆಯನ್ನು ಕಿತ್ತುಕೊಂಡು ‘ತೃಪ್ತಿ ನಿನ್ನೊಳಗಿದೆ, ಹುಡುಕಿಕೋ’ ಎಂದು ಉಪದೇಶ ಮಾಡುವುದು ನ್ಯಾಯವಲ್ಲ.

ಜಾಕ್ ಹೇಗೆ ಹೋಯಿತು ಎಂಬುದನ್ನು ಮೊದಲು ನೋಡಬೇಕು. ಅದರ ಮೂಲ ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದೆ. ಆಪರೇಟರುಗಳು ಒಂದು ಲೈನಿಗೆ ಇನ್ನೊಂದನ್ನು ಸೇರಿಸಲು ಬಳಸುತ್ತಿದ್ದ ಕಾಲಂಗುಲದ ಪಿನ್ನೇ ಟ್ರಾನ್ಸಿಸ್ಟರ್ ರೇಡಿಯೊ ಕಾಲಕ್ಕೆ ಸಣ್ಣದಾಗಿ, 1979ರ ವಾಕ್‌ಮನ್ ಮೂಲಕ ಜಗತ್ತಿನ ಜೇಬು ಸೇರಿತು. ಯಾರು ಮಾಡಿದ ಇಯರ್‌ಫೋನನ್ನು ಯಾರು ಮಾಡಿದ ಯಂತ್ರಕ್ಕೆ ಬೇಕಾದರೂ ಚುಚ್ಚಬಹುದಿತ್ತು. 2016ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಐಫೋನ್ 7ರಿಂದ ಅದನ್ನು ತೆಗೆದುಹಾಕಿತು. ಅದಕ್ಕೆ ಕಾರಣ ಧೈರ್ಯ ಎಂದು ಕಂಪನಿಯ ಅಧಿಕಾರಿ ಫಿಲ್ ಶಿಲ್ಲರ್ ವೇದಿಕೆಯ ಮೇಲೆ ನಿಂತು ಹೇಳಿದರು. ಅದೇ ವೇದಿಕೆಯ ಮೇಲೆ, ಅದೇ ದಿನ, ಏರ್‌ಪಾಡ್ಸ್ ಮಾರಾಟದ ಘೋಷಣೆಯೂ ಆಯಿತು. ತನ್ನ ಮೊದಲ ಪಿಕ್ಸೆಲ್‌ನಲ್ಲಿ ಜಾಕ್ ಇದೆಯೆಂದು ಜಾಹೀರಾತಿನಲ್ಲಿ ಬೀಗಿದ್ದ ಗೂಗಲ್ ಮರುವರ್ಷ ಅದನ್ನು ಕೈಬಿಟ್ಟು, ಅದೇ ಸಮಾರಂಭದಲ್ಲಿ ಪಿಕ್ಸೆಲ್ ಬಡ್ಸ್ ತೋರಿಸಿತು. ಒನ್‌ಪ್ಲಸ್ 2018ರಲ್ಲಿ, ಸ್ಯಾಮ್‌ಸಂಗ್‌ನ ನೋಟ್ ಸರಣಿ 2019ರಲ್ಲಿ ಅದೇ ದಾರಿ ಹಿಡಿದವು. ಫೋನ್ ತೆಳ್ಳಗಾಗುತ್ತದೆ, ಬ್ಯಾಟರಿಗೆ ಜಾಗ ಸಿಗುತ್ತದೆ, ನೀರು ಒಳಗೆ ಹೋಗುವುದಿಲ್ಲ ಎಂಬ ಕಾರಣಗಳನ್ನು ಕೊಟ್ಟರು. ಜಾಗದ ಮಾತಿನಲ್ಲಿ ಸತ್ಯವಿದೆ. ನೀರಿನ ಮಾತು ನಿಲ್ಲುವುದಿಲ್ಲ: 2016ರ ಗ್ಯಾಲಕ್ಸಿ ಎಸ್7ರಲ್ಲೂ 2019ರ ಎಸ್10ರಲ್ಲೂ ಜಾಕ್ ಇತ್ತು, ನೀರು ತಡೆಯುವ ಐಪಿ68 ದರ್ಜೆಯೂ ಇತ್ತು. ಕೊಳ್ಳುವವರು ಬೇಡವೆಂದು ಬಿಟ್ಟದ್ದರಿಂದ ಜಾಕ್ ಹೋಗಲಿಲ್ಲ. ಮೊದಲು ಅದು ಹೋಯಿತು, ಆಮೇಲೆ ಜನ ಬೇರೆ ದಾರಿಗೆ ಹೊಂದಿಕೊಂಡರು. ಈ ಹಿಂದುಮುಂದು ನನ್ನ ವಾದಕ್ಕೆ ಮುಖ್ಯ.

ಗೃಹಸ್ಥನಿಗೆ ಎಷ್ಟು ವಸ್ತು ಇರಬೇಕು ಎಂಬುದನ್ನು ಕನ್ನಡ ನಾಡಿನಲ್ಲಿ ಬಹಳ ಹಿಂದಿನಿಂದ ಕೂಲಂಕಷವಾಗಿ ಚಿಂತಿಸಿದವರು ಜೈನರು. ಮುನಿಗೆ ಪೂರ್ಣ ಅಪರಿಗ್ರಹ. ಶ್ರಾವಕನಿಗೆ ಪರಿಗ್ರಹ ಪರಿಮಾಣ. ಅಂದರೆ ಎಲ್ಲವನ್ನೂ ಬಿಡಬೇಕಿಲ್ಲ, ಇಷ್ಟೇ ಎಂದು ಮೊದಲೇ ಗೆರೆ ಎಳೆದುಕೊಳ್ಳಬೇಕು. ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ, ಪಾತ್ರೆ ಎಂದು ಬಾಹ್ಯ ಪರಿಗ್ರಹವನ್ನು ಬಗೆಬಗೆಯಾಗಿ ಎಣಿಸಿಟ್ಟರು. ಈ ವ್ರತದ ಸ್ವಾರಸ್ಯ ಇರುವುದು ‘ಮೊದಲೇ’ ಎಂಬುದರಲ್ಲಿ. ಆಸೆ ಹುಟ್ಟಿದ ಮೇಲೆ ಅಳತೆ ಹಾಕಿದರೆ ಅಳತೆಯೇ ಆಸೆಯ ಕಡೆ ವಾಲುತ್ತದೆ. ಆಸೆಗಿಂತ ಮುಂಚೆ ಗೆರೆ ಇರಬೇಕು. ವೈರಿನ ಒಂದು ಇಯರ್‌ಫೋನ್ ಇದೆ, ಅದು ಕೆಲಸ ಮಾಡುತ್ತಿದೆ, ಇನ್ನೊಂದು ಬೇಡ ಎನ್ನುವವನು ಮಾಡುತ್ತಿರುವುದು ಇದನ್ನೇ. ಅವನು ಜಿಪುಣನಲ್ಲ, ಹಳೆಯ ಕಾಲದವನೂ ಅಲ್ಲ. ಗೆರೆ ಎಳೆದಿದ್ದಾನೆ. ಫೋನ್ ಬದಲಿಸುವ ದಿನ ಬಂದಾಗ ಆ ಗೆರೆ ಎಲ್ಲಿರಬೇಕು ಎಂದು ತೀರ್ಮಾನಿಸುವವರು ಬೇರೆಯವರಾಗುತ್ತಾರೆ. ಅವನ ವ್ರತ ಮುರಿಯುವುದು ಅವನ ಚಾಪಲ್ಯದಿಂದಲ್ಲ.

ಇದೇ ಪರಂಪರೆಯಲ್ಲಿ ಇನ್ನೊಂದು ವ್ರತವಿದೆ, ಭೋಗೋಪಭೋಗ ಪರಿಮಾಣ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರ ವಸ್ತುಗಳನ್ನು ಎರಡಾಗಿ ವಿಂಗಡಿಸುತ್ತದೆ. ಅನ್ನದಂತೆ ಒಮ್ಮೆ ಅನುಭವಿಸಿದರೆ ಮುಗಿದುಹೋಗುವುದು ಭೋಗ. ಬಟ್ಟೆಯಂತೆ ಮತ್ತೆಮತ್ತೆ ಬಳಸಬಹುದಾದದ್ದು ಉಪಭೋಗ. ಎರಡಕ್ಕೂ ಮಿತಿ ಬೇಕು, ಆದರೆ ಎರಡರ ಲೆಕ್ಕ ಬೇರೆ. ಈ ಕಣ್ಣಿನಿಂದ ಇಯರ್‌ಫೋನನ್ನು ನೋಡಿ. ವೈರಿನದು ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಪಿನ್ನಿನ ಬುಡದಲ್ಲಿ. ಮಡಿಸಿ ಮಡಿಸಿ ಒಳಗಿನ ತಂತಿ ತುಂಡಾಗಿರುತ್ತದೆ. ರಿಪೇರಿ ಮಾಡುವವನು ಆ ತುದಿಯನ್ನು ಕತ್ತರಿಸಿ, ಒಳಗಿನ ಕೂದಲೆಳೆಯಂಥ ತಾಮ್ರದ ಎಳೆಗಳನ್ನು ಬಿಡಿಸಿ, ಅವುಗಳ ಮೇಲಿನ ಕೆಂಪು, ಹಸಿರು ಮೆರುಗನ್ನು ಲೈಟರಿನ ಉರಿಗೆ ಹಿಡಿದು ಸುಟ್ಟು, ಹೊಸ ಪಿನ್ನಿಗೆ ಸೋಲ್ಡರ್ ಹಾಕುತ್ತಾನೆ. ಪಿನ್ನಿನ ಮೇಲೆ ಮೂರು ಕಪ್ಪು ಉಂಗುರಗಳಿದ್ದರೆ ಲೋಹದ ಭಾಗಗಳು ನಾಲ್ಕು: ಎಡಗಿವಿ, ಬಲಗಿವಿ, ಗ್ರೌಂಡ್, ಮೈಕು. ನಾಲ್ಕೂ ಸರಿಯಾಗಿ ಕೂತರೆ ವಸ್ತುವಿಗೆ ಮರುಜನ್ಮ. ಬಡ್ಸ್‌ನೊಳಗೆ ಇರುವುದು ಅಂಟಿಸಿ ಮುಚ್ಚಿದ ಪುಟ್ಟ ಲಿಥಿಯಂ ಬ್ಯಾಟರಿ. ಪ್ರತಿ ಚಾರ್ಜಿಗೂ ಅದರ ಶಕ್ತಿ ಒಂದಿಷ್ಟು ಕುಂದುತ್ತದೆ. ಕೆಲವೇ ವರ್ಷಗಳಲ್ಲಿ ಒಂದು ಕಿವಿಯದು ಮೊದಲು, ಇನ್ನೊಂದು ಕಿವಿಯದು ಆಮೇಲೆ ಕೈಕೊಡುತ್ತದೆ. ಸ್ಪೀಕರ್ ಚೆನ್ನಾಗಿದ್ದರೂ ಎಸೆಯಬೇಕು. ಉಪಭೋಗವಾಗಿದ್ದ ವಸ್ತು ಹೀಗೆ ಸದ್ದಿಲ್ಲದೆ ಭೋಗವಾಯಿತು, ಬಟ್ಟೆ ಅನ್ನವಾಯಿತು. ಅದಕ್ಕೊಂದು ಡಬ್ಬಿ, ಡಬ್ಬಿಗೊಂದು ಚಾರ್ಜು, ಇದು ಕಳೆದರೆ ಅದು ಕೆಲಸಕ್ಕೆ ಬಾರದು. ಒಂದಿದ್ದ ಕಡೆ ಮೂರು ವಸ್ತು, ಮೂರು ಬ್ಯಾಟರಿ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ದಾಬಸ್‌ಪೇಟೆಗೆ ಹೋದರೆ ಇ-ತ್ಯಾಜ್ಯ ಬಿಡಿಸುವ ಇ-ಪರಿಸರ ಎಂಬ ಘಟಕ ಸಿಗುತ್ತದೆ. ಅಂಥ ಕಡೆಗಳಿಗೆ ತಲುಪುವುದಾದರೂ ಎಷ್ಟು? ಹೆಚ್ಚಿನ ಮನೆಗಳಲ್ಲಿ ಸತ್ತ ಬಡ್ಸ್ ಟಿವಿ ಕೆಳಗಿನ ಡ್ರಾಯರಿನಲ್ಲಿ ಬಿದ್ದಿರುತ್ತದೆ.

ಶರಣರ ಕಡೆ ತಿರುಗಿದರೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎದುರಾಗುತ್ತದೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಆಕೆಯ ನಿಷ್ಠುರತೆಯನ್ನು ಹೊಗಳುವವರು ಬಹಳ. ಆ ನಿಷ್ಠುರತೆಗೆ ಎರಡು ಅನುಕೂಲಗಳು ಇದ್ದವೆಂಬುದನ್ನು ಗಮನಿಸುವವರು ಕಡಿಮೆ. ದಿನಕ್ಕೆ ಎಷ್ಟು ಬೇಕೆಂಬ ಅಳತೆ ಆಕೆಯ ಕೈಯಲ್ಲೇ ಇತ್ತು. ಹೆಚ್ಚಾದದ್ದನ್ನು ಹಿಂದಿರುಗಿಸಲು ಒಂದು ಜಾಗ ಇತ್ತು. ಫೋನಿನ ವಿಷಯದಲ್ಲಿ ಎರಡೂ ಇಲ್ಲ. ಹೆಚ್ಚುವರಿ ಎನ್ನುವುದು ಚೀಲದಲ್ಲಿ ಬೇರೆಯಾಗಿ ಬರುವುದಿಲ್ಲ, ಯಂತ್ರದ ವಿನ್ಯಾಸದೊಳಗೇ ಕೂತು ಬರುತ್ತದೆ. ಅದನ್ನು ಎಲ್ಲಿ ಸುರಿದು ಬರುವುದು? ಲಕ್ಕಮ್ಮ ಇಂದು ಹೆಬ್ಬಾಳದಲ್ಲಿ ಸಂಸಾರ ಮಾಡುತ್ತಿದ್ದರೆ ಗಂಡ ಮನೆಗೆ ತಂದದ್ದನ್ನು ನೋಡಿ ಬೈದರೆ ಸಾಲದು, ಅವನು ಅಂಗಡಿಗೆ ಹೊರಡುವ ಮುಂಚೆಯೇ ವಿಚಾರಿಸಬೇಕಾಗುತ್ತಿತ್ತು.

ಇಲ್ಲಿ ಗಟ್ಟಿಯಾದ ಆಕ್ಷೇಪ ಬರುವುದು ಶಾಸ್ತ್ರದ ಒಳಗಿನಿಂದಲೇ. ಪರಿಗ್ರಹ ಇರುವುದು ವಸ್ತುವಿನಲ್ಲಲ್ಲ, ಮನಸ್ಸಿನ ಮೋಹದಲ್ಲಿ ಎಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ತಾನಾಗಿ ಒದಗಿದ್ದರಲ್ಲಿ ತೃಪ್ತನಾಗಿರುವವನನ್ನು ಗೀತೆ ಮೆಚ್ಚುತ್ತದೆ. ಹಾಗಿದ್ದಮೇಲೆ ಜಾಕೇ ಬೇಕೆಂದು ಹತ್ತು ಅಂಗಡಿ ಸುತ್ತುವವನಲ್ಲವೇ ನಿಜವಾದ ಮೋಹಿ? ಸಿಕ್ಕಿದ್ದನ್ನು ಕೊಂಡು ಸುಮ್ಮನಿರುವವನು ಅವನಿಗಿಂತ ವಿರಕ್ತನಲ್ಲವೇ? ಈ ಮಾತಿನಲ್ಲಿ ಬಲವಿದೆ, ತಳ್ಳಿಹಾಕುವಂತಿಲ್ಲ. ಹಳೆಯ ವಸ್ತುವಿನ ಮೇಲಿನ ವ್ಯಾಮೋಹವೂ ವ್ಯಾಮೋಹವೇ. ಸಾವಿರಾರು ರೂಪಾಯಿಯ ವೈರಿನ ಹೆಡ್‌ಫೋನುಗಳನ್ನು ಒಂದರ ಮೇಲೊಂದು ಕೊಳ್ಳುವ ಸಂಗೀತರಸಿಕರು ಈ ಲೇಖನವನ್ನು ತಮ್ಮ ಪರವಾದ ವಕಾಲತ್ತು ಎಂದುಕೊಳ್ಳಬಾರದು. ಆದರೆ ಮೋಹ ಮನಸ್ಸಿನದು ಎಂದ ಅದೇ ಪರಂಪರೆ ಗೃಹಸ್ಥನಿಂದ ಪಾತ್ರೆಪಡಗದ ಲೆಕ್ಕವನ್ನೂ ಕೇಳಿತು. ಸರ್ವವನ್ನೂ ಬಿಟ್ಟ ದಿಗಂಬರ ಮುನಿಯ ಕೈಯಲ್ಲೂ ಪಿಂಛಿ ಇದೆ, ಕಮಂಡಲು ಇದೆ. ಒಂದೊಂದಕ್ಕೂ ಒಂದು ಕೆಲಸವಿದೆ, ಕೆಲಸವಿಲ್ಲದ ವಸ್ತು ಅಲ್ಲಿ ಬರುವಂತಿಲ್ಲ. ಒಳಗನ್ನು ಹಿಡಿಯಲು ಹೊರಗಿನ ಎಣಿಕೆ ಬೇಕು ಎಂದು ಅವರಿಗೆ ಗೊತ್ತಿತ್ತು. ಇನ್ನು ತಾನಾಗಿ ಒದಗಿದ್ದು ಎಂಬುದು. ದುಡ್ಡು ಕೊಟ್ಟು, ಕಂತು ಕಟ್ಟಿ, ಜಾಹೀರಾತು ನೋಡಿ ಕೊಂಡದ್ದು ಒದಗಿ ಬಂದದ್ದಲ್ಲ. ಆಸೆಯನ್ನು ಕೆರಳಿಸದೆ ಬರುವ ಲಾಭಕ್ಕೆ ಹೇಳಿದ ಮಾತನ್ನು ಮಾರುಕಟ್ಟೆಗೆ ಅಂಟಿಸಿದರೆ ವ್ಯಾಪಾರಿ ಇಟ್ಟದ್ದಕ್ಕೆಲ್ಲ ತಲೆಯಾಡಿಸುವುದೇ ವೈರಾಗ್ಯವಾಗಿಬಿಡುತ್ತದೆ.

ಕಾಲ ಬದಲಾಗುತ್ತದೆ, ಜಾಲಹಳ್ಳಿಯ ಎಚ್‌ಎಂಟಿ ಹೋಗಲಿಲ್ಲವೇ ಎನ್ನುವವರಿದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಕೈಗಡಿಯಾರದ ತಯಾರಿಕೆ ಅದು. ಎಚ್‌ಎಂಟಿ ವಾಚಸ್‌ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ, ಐಫೋನಿನಿಂದ ಜಾಕ್ ಹೋದ ವರ್ಷವೇ. ಕೀ ಕೊಡುವ ವಾಚು ಹೋಯಿತು, ಸರಿ. ಆದರೆ ಜನತಾ ವಾಚು ಕಟ್ಟಿದ್ದವನ ಕೈಯಲ್ಲಿ ಅದು ನಿಲ್ಲಲಿಲ್ಲ. ಇಂದಿಗೂ ಕೀ ಕೊಟ್ಟರೆ ನಡೆಯುತ್ತದೆ, ಬೇರೆ ಯಾವ ಯಂತ್ರದ ಅಪ್ಪಣೆಯನ್ನೂ ಕೇಳುವುದಿಲ್ಲ. ಹಳೆಯ ಫೋನನ್ನೇ ಇಟ್ಟುಕೊಳ್ಳಿ, ಅದೇ ನಿಜವಾದ ಅಪರಿಗ್ರಹ ಎಂದು ಉಪದೇಶಿಸುವವರಿಗೂ ಇದೇ ಉತ್ತರ. ಭದ್ರತಾ ಅಪ್‌ಡೇಟ್ ನಿಂತು, ಬ್ಯಾಂಕಿನ ಆ್ಯಪ್ ತೆರೆಯದೆ, ಯುಪಿಐ ನಡೆಯದೆ ಹೋದಾಗ ಹೊಸ ಫೋನ್ ಕೊಳ್ಳುವುದು ಆಸೆಯಲ್ಲ, ಅನಿವಾರ್ಯ. ಆ ಅನಿವಾರ್ಯದ ಬೆನ್ನಿಗೆ ಇನ್ನೊಂದು ಖರ್ಚನ್ನು ಗಂಟುಹಾಕಿ ಕಳಿಸುವುದಕ್ಕೆ ನನ್ನ ತಕರಾರು. ಸಿ-ಪಿನ್ ಅಡಾಪ್ಟರ್ ಹಾಕಿಕೊಳ್ಳಬಹುದು, ನಿಜ; ಒಂದು ಫೋನಿಗೆ ಆಗುವ ಅಡಾಪ್ಟರ್ ಇನ್ನೊಂದಕ್ಕೆ ಆಗದಿರಬಹುದು, ಸಾಮಾನ್ಯ ಅಡಾಪ್ಟರಿನಲ್ಲಿ ಕೇಳುತ್ತಲೇ ಚಾರ್ಜ್ ಮಾಡಲಾಗದು. ಬಡ್ಸ್ ಬೇಕೆನ್ನುವವರು, ವೈರು ತೊಡರುವ ಕೆಲಸದಲ್ಲಿರುವವರು ಖಂಡಿತ ಬಳಸಲಿ. ಜಾಕ್ ಇರುವ ಫೋನಿನಲ್ಲಿ ಬ್ಲೂಟೂತೂ ಇರುತ್ತದೆ. ಇಲ್ಲದ ಫೋನಿನಲ್ಲಿ ಆಯ್ಕೆ ಒಂದು ಕಡೆ ಮಾತ್ರ ವಾಲಿರುತ್ತದೆ.

ಕಾಯಕದ ಹೆಸರಿನಲ್ಲೂ ಒಂದು ಆಕ್ಷೇಪ ಬರಬಹುದು. ಯಲಹಂಕ ದಾಟಿ ದೇವನಹಳ್ಳಿ ಕಡೆ ಹೋದರೆ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಿದ್ದಾರೆ. ಎಲ್ಲರೂ ಗೆರೆ ಎಳೆದುಕೊಂಡು ಕೂತರೆ ಅಲ್ಲಿನ ಹೆಣ್ಣುಮಕ್ಕಳ ಅನ್ನದ ಗತಿಯೇನು? ಕೊಳ್ಳುವವನ ಸಂಯಮ ದುಡಿಯುವವನ ಹೊಟ್ಟೆಗೆ ಹೊಡೆಯಬಾರದೆಂಬುದು ಒಪ್ಪುವ ಮಾತು. ಆದರೆ ಸೋಲ್ಡರ್ ಹಿಡಿದು ಕೂತವನದೂ ಕಾಯಕವೇ. ಅಂಟು ಹಾಕಿ ಮುಚ್ಚಿದ ಪ್ರತಿ ವಸ್ತುವೂ ಅವನ ಕೈಯಿಂದ ಕೆಲಸ ಕಸಿಯುತ್ತದೆ, ಆ ಕೆಲಸ ದೇವನಹಳ್ಳಿಗೇನೂ ಹೋಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೆಲೆಯ ಏಣಿ. ಜಾಕ್ ಉಳಿದಿರುವುದು ಕೆಳಗಿನ ಮೆಟ್ಟಿಲಲ್ಲಿ. ಇರುವುದರಲ್ಲಿ ಮಾಡಿಕೊಳ್ಳುವವರು ಬಡವರು, ಮೇಲಕ್ಕೆ ಹೋದವರಿಗೆ ಆ ಗುಣ ಬೇಕಿಲ್ಲ ಎಂದು ಫೋನಿನ ಬೆಲೆಪಟ್ಟಿಯೇ ಸಾರುವಂತಿದೆ. ಅಪರಿಗ್ರಹವನ್ನು ನಮ್ಮವರು ಎಂದೂ ಬಡತನದ ಗುರುತಾಗಿ ಕಂಡಿರಲಿಲ್ಲ. ಮಿತಿ ಹಾಕಿಕೊಳ್ಳಬೇಕಾದದ್ದು ಮೊದಲು ಉಳ್ಳವನೇ. ಇಲ್ಲದವನಿಗೆ ಮಿತಿ ಹಾಕುವುದೇನು ಬಂತು? ಈಗ ಉಳ್ಳವನು ಮನಸ್ಸು ಮಾಡಿದರೂ ಅವನ ದರ್ಜೆಯ ಫೋನಿನಲ್ಲಿ ಅದಕ್ಕೆ ಜಾಗವಿಲ್ಲ. ಇದರ ಇನ್ನೊಂದು ಮಗ್ಗುಲು ರೇಡಿಯೊ. ಫೋನಿನ ಎಫ್‌ಎಂಗೆ ವೈರಿನ ಇಯರ್‌ಫೋನೇ ಆಂಟೆನಾ. ಜಾಕ್ ಹೋದ ಫೋನಿನಲ್ಲಿ ಸಾಮಾನ್ಯವಾಗಿ ಎಫ್‌ಎಂ ಕೂಡ ಹೋಗುತ್ತದೆ. 100.1ರಲ್ಲಿ ಬರುವ ಆಕಾಶವಾಣಿಯ ಅಮೃತವರ್ಷಿಣಿಯ ಶಾಸ್ತ್ರೀಯ ಸಂಗೀತಕ್ಕೆ ಡೇಟಾ ಬೇಡ, ಚಂದಾ ಬೇಡ. ಫೋನುಗಳಲ್ಲಿ ಎಫ್‌ಎಂ ತೆರೆದಿಡಿ ಎಂದು ಕೇಂದ್ರದ ಐಟಿ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸಲಹೆ ನೀಡಿತು. ಸಲಹೆ ಮಾತ್ರ. ವೈರಿಗೆ ಇನ್ನೊಂದು ಉಪಯೋಗವೂ ಇದೆ. ಬಸ್ಸಿನಲ್ಲಿ ಮೊಬೈಲಿನ ಹಾಡು ಜೋರಾಗಿ ಹಾಕಬಾರದೆಂದು ಕೆಎಸ್‌ಆರ್‌ಟಿಸಿ 2021ರಲ್ಲೇ ಆದೇಶ ಹೊರಡಿಸಿದೆ. ಪಕ್ಕದವನ ಕಿವಿಗೆ ಹಿಂಸೆ ಕೊಡದಿರಲು ಇರುವ ಅತಿ ಅಗ್ಗದ ಸಾಧನ ವೈರಿನ ಇಯರ್‌ಫೋನು, ದಾರಿ ಮಧ್ಯೆ ಅದರ ಚಾರ್ಜ್ ಮುಗಿಯುವುದಿಲ್ಲ.

ಹೊಸ ಫೋನ್ ಕೊಳ್ಳಲು ಹೊರಟವರು ಮನೆಯಲ್ಲಿರುವ ಇಯರ್‌ಫೋನನ್ನು ಜೇಬಿಗೆ ಹಾಕಿಕೊಂಡು ಹೋಗಿ. ದುಡ್ಡು ಕೊಡುವ ಮುಂಚೆ ಚುಚ್ಚಿ ನೋಡಿ, ಎಫ್‌ಎಂ ಬರುತ್ತದೆಯೇ ಕೇಳಿ. ಜಾಕ್ ಇಲ್ಲದ ಫೋನನ್ನೇ ಕೊಳ್ಳಬೇಕಾಗಿ ಬಂದರೆ ಹಳೆಯ ಇಯರ್‌ಫೋನಿಗೆ ಹೊಂದುವ ಅಡಾಪ್ಟರನ್ನು ಅಂಗಡಿಯವನಿಂದಲೇ ಕೇಳಿ ಪಡೆಯಿರಿ. ಬಡ್ಸ್ ಕೊಳ್ಳುವುದು ಆಮೇಲಿನ ಮಾತು.