ಓದುಗನ ವಯಸ್ಸು ಮತ್ತು ಅಧಿಕಾರದ ಪ್ರಶ್ನೆ

ಶಾಸ್ತ್ರಗ್ರಂಥವೊಂದು ತನ್ನ ಆರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಸ್ಪಷ್ಟಪಡಿಸಬೇಕೆಂಬುದು ಭಾರತೀಯ ಪರಂಪರೆಯ ಹಳೆಯ ನಿಯಮ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಅಧಿಕಾರಿ ಎಂದರೆ ಆ ಗ್ರಂಥವನ್ನು ಓದಲು ತಕ್ಕ ಸಿದ್ಧತೆ ಪಡೆದವನು. ಯಾವ ವಯಸ್ಸಿನವರಿಗೆ ಯಾವ ಪುಸ್ತಕ ಹಿಡಿಸೀತೆಂದು ಪೋಷಕರೂ ಶಿಕ್ಷಕರೂ ಕೇಳುವ ಪ್ರಶ್ನೆ ಈ ನಾಲ್ಕನೆಯ ಅಂಶಕ್ಕೆ ಸೇರಿದ್ದು. ಆದರೆ ಶಂಕರಾಚಾರ್ಯರು ಬ್ರಹ್ಮಸೂತ್ರದ ಮೊದಲ ಸೂತ್ರದ ಭಾಷ್ಯದಲ್ಲಿ ಜಿಜ್ಞಾಸುವಿಗೆ ಇರಬೇಕಾದ ವಿವೇಕ, ವೈರಾಗ್ಯ, ಮನಸ್ಸು ಇಂದ್ರಿಯಗಳ ಹತೋಟಿಯೆನಿಸುವ ಶಮದಮಾದಿಗಳು, ಮೋಕ್ಷದ ಬಯಕೆಯಾದ ಮುಮುಕ್ಷುತ್ವ ಇವುಗಳನ್ನು ಎಣಿಸುವಾಗ ವಯಸ್ಸಿನ ಮಾತೆತ್ತುವುದಿಲ್ಲ.

ಗ್ರೀಸಿನ ಪ್ಲೇಟೋ ಇದಕ್ಕೆ ವಿರುದ್ಧವಾದ ದಾರಿ ಹಿಡಿದನು. ಕಥೆಯ ಗೂಢಾರ್ಥವನ್ನು ಎಳೆಯರು ಬಿಡಿಸಿಕೊಳ್ಳಲಾರರೆಂಬ ಕಾರಣದಿಂದ, ದೇವತೆಗಳ ಕಾದಾಟವನ್ನು ಹೇಳುವ ಕಥೆಗಳನ್ನು ಅವನು ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಅವರಿಂದ ದೂರವಿಟ್ಟನು. ತತ್ತ್ವವಿಚಾರದ ತರ್ಕವನ್ನು 30ನೆಯ ವಯಸ್ಸಿನವರೆಗೂ ಮುಂದೂಡಿದನು. ಈ ಎಚ್ಚರಿಕೆಯಲ್ಲಿ ಹುರುಳಿದೆ. ಆದರೂ ಕಠೋಪನಿಷತ್ತಿನ ನಚಿಕೇತನ ಎದುರಿನಲ್ಲಿ ಅದು ಪೂರ್ತಿ ನಿಲ್ಲಲಾರದು.

ತಂದೆ ವಾಜಶ್ರವಸನು ಯಜ್ಞದ ದಕ್ಷಿಣೆಯಾಗಿ ಕೊಡುತ್ತಿದ್ದ ಹಸುಗಳು ಕುಡಿಯಬಹುದಾದ ನೀರನ್ನೆಲ್ಲ ಕುಡಿದು, ತಿನ್ನಬಹುದಾದ ಹುಲ್ಲನ್ನೆಲ್ಲ ತಿಂದು, ಹಾಲು ಬತ್ತಿ ಹೋಗಿದ್ದವು ಎಂಬುದನ್ನು ಕಂಡುಕೊಂಡವನು ಹುಡುಗ. ಅವನಲ್ಲಿ ಶ್ರದ್ಧೆ ಮೂಡಿದ್ದು ಅವನು ಇನ್ನೂ ಬಾಲಕನಾಗಿದ್ದಾಗಲೇ ಎಂದು ಉಪನಿಷತ್ತು ಸ್ಪಷ್ಟವಾಗಿ ಹೇಳುತ್ತದೆ. ಮುಂದೆ ಮೃತ್ಯುದೇವತೆಯಾದ ಯಮನ ಬಳಿಗೆ ಹೋಗಿ, ಸತ್ತ ಮೇಲೆ ಮನುಷ್ಯನು ಇರುವನೋ ಇಲ್ಲವೋ ಎಂದು ಅವನು ಕೇಳಿದಾಗ, ಯಮನು ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳನ್ನೂ ಆನೆ, ಕುದುರೆ, ಚಿನ್ನಗಳನ್ನೂ ಮುಂದಿಟ್ಟು ಅವನು ಆ ಪ್ರಶ್ನೆಯನ್ನು ಕೈಬಿಡುವಂತೆ ಮಾಡಲು ನೋಡುತ್ತಾನೆ. ಹುಡುಗನು ಅವೆಲ್ಲವನ್ನೂ ಬದಿಗೊತ್ತಿ ಅದನ್ನೇ ಮತ್ತೆ ಕೇಳುತ್ತಾನೆ. ಅವನು ಅಧಿಕಾರಿಯೆಂಬುದಕ್ಕೆ ಯಮನಿಗೆ ಸಿಕ್ಕ ಪ್ರಮಾಣ ಆ ಹಟವೇ.

ಅಧಿಕಾರವನ್ನು ಅಳೆಯುವ ಕೋಲು ಹಿರಿಯರ ಕೈಯಲ್ಲಿ ಮಾತ್ರ ಉಳಿದಾಗ ಆಗುವ ಅನ್ಯಾಯವೂ ಸಣ್ಣದಲ್ಲ. ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂಬ ನಿರ್ಣಯ ಅದೇ ಬ್ರಹ್ಮಸೂತ್ರಭಾಷ್ಯದಲ್ಲಿದೆ. 12ನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣರು ತಮ್ಮ ಅನುಭಾವವನ್ನು ಕನ್ನಡದಲ್ಲಿಯೇ ಹೇಳಿ ಆ ಬೇಲಿಯನ್ನು ಮುರಿದರು. ಮಕ್ಕಳ ವಿಷಯದಲ್ಲಿ, ಪ್ರೀತಿಯ ಹೆಸರಿನಲ್ಲಿಯೇ ಆದರೂ, ಅಂಥ ಬೇಲಿ ಇಂದಿಗೂ ಏಳುತ್ತಿರುತ್ತದೆ: ಸಾವು, ಅನ್ಯಾಯ, ದೇವರ ಮೌನ ಇವನ್ನೆಲ್ಲ ತೆಗೆದುಹಾಕಿ, ಬಣ್ಣದ ಚಿತ್ರಗಳನ್ನಷ್ಟೇ ಉಳಿಸಿದ ಪುಸ್ತಕ ಅವರ ಪಾಲಿಗೆ ಬರುತ್ತದೆ.

ಯಮನು ಮುಂದೆ ಶ್ರೇಯಸ್ಸು ಮತ್ತು ಪ್ರೇಯಸ್ಸುಗಳನ್ನು, ಅಂದರೆ ಹಿತವಾದುದನ್ನೂ ಕೂಡಲೇ ಸುಖವೆನಿಸುವುದನ್ನೂ, ಬೇರ್ಪಡಿಸಿ ತೋರಿಸುತ್ತಾನೆ. ಮನಸ್ಸನ್ನು ಸೆಳೆಯುವ ಪುಸ್ತಕವೆಲ್ಲ ಪ್ರೇಯಸ್ಸಿನ ಕಡೆಗೇ ಸೇರುತ್ತದೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ನಚಿಕೇತನಿಗೆ ಶ್ರೇಯಸ್ಸೇ ರುಚಿಸಿತ್ತು, ಮತ್ತು ಓದುಗನ ರುಚಿ ಅವನೊಳಗೆ ಆಗಲೇ ಎದ್ದಿರುವ ಪ್ರಶ್ನೆಯ ಗುರುತಾಗಿರುವುದು ಅಪರೂಪವೇನಲ್ಲ. ಪುಸ್ತಕ ಆರಿಸುವವರು ಗಮನಿಸಬೇಕಾದದ್ದು ಆ ಪ್ರಶ್ನೆಯನ್ನು. ವಯಸ್ಸು ನಿರ್ಧರಿಸುವುದು ಹೇಳುವ ರೀತಿಯನ್ನು, ವಾಕ್ಯದ ಉದ್ದವನ್ನು, ವಿವರಣೆಯ ಪ್ರಮಾಣವನ್ನು. ಕಠೋಪನಿಷತ್ತಿನ ಮೊದಲ ವಲ್ಲಿಯನ್ನು, ಅಂದರೆ ಮೊದಲ ವಿಭಾಗವನ್ನು, ಬಡಕಲು ಹಸುಗಳನ್ನಾಗಲಿ ಮೃತ್ಯುವಿನ ಪ್ರಶ್ನೆಯನ್ನಾಗಲಿ ಕೈಬಿಡದೆ, ಹತ್ತು ವರ್ಷದ ಮಗುವಿಗೆ ಕಥೆಯಾಗಿಯೇ ಹೇಳಬಹುದು. ಎರಡನೆಯ ವಲ್ಲಿಯಿಂದ ಮುಂದಿನ ವಿಚಾರವನ್ನು ಆ ಮಗುವೇ ಕೇಳುವ ದಿನದವರೆಗೆ ಕಾಯಬಹುದು.