ಗೋಡೆಯೊಳಗಿನ ತಂತಿ



1902ರಲ್ಲಿ ಶಿವನಸಮುದ್ರದ ಜಲಪಾತದ ಬಲದಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದವು. ಈಗ ನಮ್ಮ ಹಳ್ಳಿಯ ಮನೆಗಳಲ್ಲಿಯೂ ಸಂಜೆಯಾಗುತ್ತಲೇ ದೀಪಗಳು ಹೊತ್ತುತ್ತವೆ. ಆ ಬೆಳಕನ್ನು ಮನೆಯೊಳಗೆ ತಂದುಕೊಡುವವರು ಏಣಿಯನ್ನು ಹೆಗಲ ಮೇಲಿಟ್ಟು ನಡೆಯುವ ಕೆಲಸದವರು. ಅವರೊಳಗೆ ಎಲ್ಲರಿಗಿಂತ ಕಿರಿಯವನಾದ ಕಲಿಯುವ ಹುಡುಗನನ್ನು ಕುರಿತು ಈ ತಿಂಗಳು ನಾವು ಸ್ವಲ್ಪ ಆಲೋಚಿಸೋಣ.

ಈ ವಿದ್ಯೆಗೆ ಐ.ಟಿ.ಐ. ಶಾಲೆಯಲ್ಲಿ 2 ವರ್ಷಗಳ ಪಾಠವುಂಟು. 1961ರ ಕಾಯಿದೆಯ ಪ್ರಕಾರ ಅಪ್ರೆಂಟಿಸರಾಗಿ ಸೇರುವವರುಂಟು. ಮೇಸ್ತ್ರಿಯ ಕೈಕೆಳಗೆ ದುಡಿಯುತ್ತಲೇ ಕಲಿಯುವವರೂ ಉಂಟು. ಯಾವ ದಾರಿಯಿಂದ ಬಂದರೂ ಹುಡುಗನಿಗೆ ಮೊದಲು ದೊರೆಯುವದು ದೀಪವಲ್ಲ, ಧೂಳು. ಅವನು ಉಳಿ ಸುತ್ತಿಗೆಗಳಿಂದ ಗೋಡೆಯನ್ನು ಕೊರೆಯಬೇಕು, ಪೈಪು ಕೂರಿಸಬೇಕು, ಅದರೊಳಗೆ ತಂತಿ ಎಳೆಯಬೇಕು, ಮೇಸ್ತ್ರಿಯು ಕೇಳುವದಕ್ಕೆ ಮುಂಚೆ ಇಕ್ಕಳವನ್ನು ಅವನ ಕೈಗೆ ನೀಡಬೇಕು.

ಅವನು ಕಲಿಯುವ ಮೊದಲನೆಯ ನೇಮವು ಯಾವದು? ಪರೀಕ್ಷಿಸದೆ ಮುಟ್ಟಬೇಡ ಎಂಬದೇ. 230 ವೋಲ್ಟಿನ ಶಕ್ತಿಯು ಕಣ್ಣಿಗೆ ಕಾಣುವದಿಲ್ಲ. ಸತ್ತ ತಂತಿಯೂ ಜೀವವಿರುವ ತಂತಿಯೂ ನೋಟಕ್ಕೆ ಒಂದೇ. ಆದಕಾರಣ ಅವನು ಟೆಸ್ಟರನ್ನು ಮೊದಲು ವಿದ್ಯುತ್ತಿರುವದೆಂದು ಗೊತ್ತಿರುವ ಸ್ಥಳದಲ್ಲಿ ಇಟ್ಟು ನೋಡುವನು. ಬಳಿಕ ಕೆಲಸದ ತಂತಿಗೆ ಇಡುವನು. ಪುನಃ ಮೊದಲಿನ ಸ್ಥಳಕ್ಕೆ ಇಡುವನು. ಯಾಕಂದರೆ ಟೆಸ್ಟರೇ ಕೆಟ್ಟಿದ್ದರೆ ಅದು ಎಲ್ಲಾ ಕಡೆಯಲ್ಲಿಯೂ ಅಪಾಯವಿಲ್ಲವೆಂದೇ ಹೇಳುವದು. ನಮ್ಮ ಮನಸ್ಸಾಕ್ಷಿಯೂ ಹಾಗೆಯೇ. ಅದು ಸುಮ್ಮನಿದೆ ಎಂಬ ಮಾತ್ರಕ್ಕೆ ನಾವು ನಿರ್ದೋಷಿಗಳೆಂದು ಎಣಿಸಬಾರದು. ದೇವರ ವಾಕ್ಯದ ಮುಂದೆ ಅದನ್ನು ಇಟ್ಟು, ಅದಕ್ಕೆ ಇನ್ನೂ ಜೀವವಿದೆಯೋ ಎಂದು ನೋಡಬೇಕು.

ಎರಡನೆಯ ಪಾಠವು ಇದಕ್ಕಿಂತ ಕಠಿಣವಾದದ್ದು. ಪ್ಲಗ್ಗಿಗೆ ಮೂರು ಕಡ್ಡಿಗಳಿರುವದನ್ನು ನೀವು ನೋಡಿದ್ದೀರಿ. ಎರಡರಿಂದ ಶಕ್ತಿಯು ಹೋಗಿ ಬರುವದು. ದಪ್ಪವಾಗಿಯೂ ಉದ್ದವಾಗಿಯೂ ಇರುವ ಮೂರನೆಯದು ಅರ್ತಿನದು. ಅದಕ್ಕೆ ಸೇರಿದ ಹಸುರು ತಂತಿಯು ಗೋಡೆಯೊಳಗಿಂದ ಹೊರಟು ಹಿತ್ತಿಲಿನ ಗುಂಡಿಗೆ ಇಳಿದು, ಇದ್ದಲೂ ಉಪ್ಪೂ ತುಂಬಿದ ನೆಲದಲ್ಲಿ ಹೂತ ಕೊಳವೆಯನ್ನು ಹಿಡಿದಿರುವದು. ಇಸ್ತ್ರಿಪೆಟ್ಟಿಗೆಯೊಳಗಿನ ತಂತಿಯು ಸವೆದು ಅದರ ಕಬ್ಬಿಣಕ್ಕೆ ತಾಗಿದರೆ, ಶಕ್ತಿಯು ಈ ದಾರಿಯಿಂದ ಭೂಮಿಗೆ ಹರಿಯುವದು. ಆಗ ಫ್ಯೂಸು ಹೋಗುವದು, ಇಲ್ಲವೆ 30 ಮಿಲಿಆಂಪಿಯರಿನಷ್ಟು ಸೋರಿದರೂ ತಾನೇ ಬೀಳುವ ಕಾವಲು ಸ್ವಿಚ್ಚು ಬೀಳುವದು. ಆದರೆ ಗಮನಿಸಿರಿ: ಈ ತಂತಿಯನ್ನು ಜೋಡಿಸದಿದ್ದರೂ ದೀಪವು ಉರಿಯುವದು, ಪಂಖವು ತಿರುಗುವದು. ತಪ್ಪು ಬಯಲಿಗೆ ಬರುವದು ಯಾವನೋ ಒಬ್ಬನು ಒದ್ದೆ ಕೈಯಿಂದ ಮುಟ್ಟುವ ದಿನದಲ್ಲಿಯೇ.

ನಮಗೆ ಪರಿಚಯವಿರುವ ಒಬ್ಬ ಹುಡುಗನಿಗೆ ಇಂಥ ಶೋಧನೆ ಬಂತು. ಹೊಸ ಮನೆಯ ಪ್ರವೇಶಕ್ಕೆ ಎರಡೇ ದಿನಗಳಿದ್ದವು. ಅಡಿಗೆಮನೆಯ ಸಾಕೆಟ್ಟಿಗೆ ಬರಬೇಕಾದ ಹಸುರು ತಂತಿಯು ಪೈಪಿನೊಳಗೆ ತುಂಡಾಗಿತ್ತು. ಗಾರೆಯ ಕೆಲಸವೂ ಮುಗಿದಿತ್ತು. ಬೈಗುಳಕ್ಕೆ ಹೆದರಿ ಅವನು ಉಳಿದೆರಡನ್ನು ಬಿಗಿದು ಮುಚ್ಚಳ ಹಾಕಿದನು. ದೀಪ ಹೊತ್ತಿತು. ಮನೆಯವರು ಸಂತೋಷಪಟ್ಟರು. ಆದರೆ ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಆ ಮನೆಯ ಚಿಕ್ಕ ಹೆಣ್ಣುಮಗು ದಿನವೆಲ್ಲಾ ಅವನ ಹಿಂದೆ ಮುಂದೆ ಓಡಾಡಿತ್ತು; ಅದರ ಕೈ ಅವನ ಕಣ್ಣಿಗೆ ಕಟ್ಟಿತ್ತು.

ಬೆಳಿಗ್ಗೆ ಅವನು ಮೇಸ್ತ್ರಿಯ ಬಾಗಲಲ್ಲಿ ನಿಂತು, “ಮೇಸ್ತ್ರಿಗಳೇ, ಅಡಿಗೆಮನೆಗೆ ಅರ್ತ್ ಇಲ್ಲ. ಗೊತ್ತಿದ್ದೇ ಮುಚ್ಚಿದೆ” ಅಂದನು. ಮೇಸ್ತ್ರಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಳಿ ತಕ್ಕೋ ಮಗಾ, ನಡೆ” ಅಂದನು. ಹೊಸ ಗೋಡೆಯನ್ನು ಒಡೆಯುವಾಗ ಮನೆಯ ಯಜಮಾನನು ಕೋಪದಿಂದ ಕೂಗಾಡಿದನು. ಮೇಸ್ತ್ರಿಯು ಹುಡುಗನ ಮುಂದೆ ಬಂದು ನಿಂತು, “ತಪ್ಪು ನನ್ನದು, ಸ್ವಾಮೀ. ಪರೀಕ್ಷೆ ಮಾಡದೆ ಕೆಲಸ ಒಪ್ಪಿಸಿದವನು ನಾನು. ಗಾರೆಯ ಖರ್ಚು ನನ್ನ ಕೂಲಿಯಲ್ಲಿ ಹಿಡಿಯಿರಿ” ಅಂದನು. ಹುಡುಗನು ಕಣ್ಣೀರು ಸುರಿಸುತ್ತಾ ಗೋಡೆ ಕೊರೆದನು. ಅಂದಿನಿಂದ ಅವನು ಯಾವ ಮುಚ್ಚಳವನ್ನೂ ನೋಡದೆ ಮುಚ್ಚಿದವನಲ್ಲ.

ಪ್ರಿಯರೇ, ಬೈಗುಳದ ಹೆದರಿಕೆಯು ಅವನನ್ನು ಮರೆಮಾಚುವವನನ್ನಾಗಿ ಮಾಡಿತು. ತನಗಾಗಿ ಮತ್ತೊಬ್ಬನು ನಷ್ಟ ತೆತ್ತದ್ದನ್ನು ಕಂಡಾಗಲೋ ಅವನು ನಂಬಿಗಸ್ತನಾದನು. ನಮ್ಮ ತಪ್ಪುಗಳ ಸಾಲವನ್ನು ಶಿಲುಬೆಯ ಮೇಲೆ ತೆತ್ತ ಕರ್ತನನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ಆತನು ತಾನೂ ನಜರೇತಿನಲ್ಲಿ ಬಡಗಿಯ ಕೆಲಸ ಮಾಡಿದವನಲ್ಲವೇ? ಕೈಕೆಲಸದ ಮರೆಯಲ್ಲಿ ಅಡಗಿದ ಸತ್ಯವೂ ವಂಚನೆಯೂ ಆತನಿಗೆ ತಿಳಿದಿವೆ.

ಹೀಗಿರಲಾಗಿ ನಾವು ನಮ್ಮನ್ನೇ ಕೇಳಿಕೊಳ್ಳೋಣ. ಸಭೆಯಲ್ಲಿ ನಮ್ಮ ದೀಪವು ಉರಿಯುತ್ತಿರಬಹುದು. ಮನೆಯ ಗೋಡೆಯೊಳಗೆ ತುಂಡಾದ ತಂತಿಯುಂಟೋ? ಅಳತೆಯಲ್ಲಿ, ಲೆಕ್ಕದಲ್ಲಿ, ಅಣ್ಣತಮ್ಮಂದಿರ ಪಾಲಿನಲ್ಲಿ ನಾವು ತಿಳಿದೂ ಮುಚ್ಚಿದ್ದುಂಟೋ? ಉಂಟಾದರೆ ನಾಳೆಯ ವರೆಗೆ ಕಾಯದಿರೋಣ. ಗಾರೆ ಒಡೆದರೆ ಪುನಃ ಮೆತ್ತಬಹುದು. ಆ ಮಗುವಿನ ಕೈಗೆ ಕೇಡಾದರೆ ಯಾರು ತುಂಬಿಕೊಡುವರು? ಹೋಗಿ ಯಜಮಾನನ ಬಾಗಲಲ್ಲಿ ನಿಲ್ಲೋಣ. ಆತನು ನಮ್ಮ ಸಂಗಡ ಹೊರಟು ಬರುವನು.

ಆಮೆನ್.