ಏಕಾದಶಿಯ ಅಕ್ಕಿ ಯಾರ ಪಾಲು?

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಏಕಾದಶಿಯ ದಿವಸ ನಮ್ಮ ಮನೆಗಳಲ್ಲಿ ಅನ್ನಕ್ಕೆ ಎಸರಿಡುವ ಪದ್ಧತಿಯಿಲ್ಲ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಆ ದಿನದ ಉಪವಾಸವನ್ನು ಎಷ್ಟು ಒತ್ತಿ ವಿಧಿಸಿದ್ದಾರೆಂಬುದು ತಮಗೆಲ್ಲ ತಿಳಿದದ್ದೇ. ದಶಮಿಯ ರಾತ್ರಿಯಿಂದಲೇ ನಿಯಮ, ಮರುದಿನ ನಿರಾಹಾರ, ದ್ವಾದಶಿಯ ಬೆಳಗಿನ ಜಾವ ಪಾರಣೆ. ಇದೆಲ್ಲ ಅನೂಚಾನವಾಗಿ ನಡೆದುಬಂದಿದೆ, ಮುಂದೆಯೂ ನಡೆಯುತ್ತದೆ. ಆದರೆ ನಾವು ಬಹುಕಾಲದಿಂದ ಒಂದು ಸಣ್ಣ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ. ಅಂದು ಬೇಯಿಸದೆ ಉಳಿದ ಅಕ್ಕಿ ಏನಾಯಿತು? ಡಬ್ಬಿಯಲ್ಲಿಯೇ ಉಳಿಯಿತು, ದ್ವಾದಶಿಯ ದಿನ ಪಾಯಸದೊಡನೆ ನಮ್ಮ ಎಲೆಗೇ ಬಂದಿತು. ಉಪವಾಸದಿಂದ ಮಿಕ್ಕದ್ದು ಮತ್ತೆ ನಮ್ಮ ಹೊಟ್ಟೆಗೇ ಸೇರಿದರೆ ವ್ರತಕ್ಕೇನೂ ಲೋಪವಿಲ್ಲ, ನಿಜ. ಆದರೂ ಅದೇ ಬೀದಿಯಲ್ಲಿ ವ್ರತವಿಲ್ಲದೆಯೇ ಎಸರಿಡದ ಮನೆಯೊಂದಿದ್ದರೆ ಆ ಅಕ್ಕಿ ಯಾರ ಪಾಲಿನದೆಂದು ವಿಚಾರಿಸಬೇಕಾಗುತ್ತದೆ. (ಏಕಾದಶಿಯೆಂದು ಅವಲಕ್ಕಿ, ಸಾಬೂದಾನಿ, ಹಣ್ಣು, ಹಾಲು ಎಂದು ನಿತ್ಯಕ್ಕಿಂತ ಹೆಚ್ಚು ಖರ್ಚು ಮಾಡುವ ಮನೆಗಳ ಲೆಕ್ಕ ಬೇರೆ. ಅವರಲ್ಲಿ ಉಳಿತಾಯವನ್ನು ಕೇಳುವುದು ಕಷ್ಟ.)

ಅಂತಹ ಮನೆಗಳು ನಮ್ಮಲ್ಲಿ ಎಲ್ಲಿವೆ ಎಂದು ಕೆಲವರು ಕೇಳುವುದುಂಟು. 2020ರ ಮಾರ್ಚ್ 25ನೆಯ ತಾರೀಖನ್ನು ನೆನಪಿಗೆ ತಂದುಕೊಳ್ಳಬೇಕು. ಅಂದು ಶಾರ್ವರಿ ಸಂವತ್ಸರದ ಯುಗಾದಿ. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೊದಲ ದಿನವೂ ಅದೇ. ಚೈತ್ರ ವೈಶಾಖಗಳ ಮದುವೆ ಮುಂಜಿಗಳು ನಿಂತವು. ದೇವಸ್ಥಾನಗಳ ಬಾಗಿಲು ಭಕ್ತರಿಗೆ ಮುಚ್ಚಿತು. ಅರ್ಚಕವೃತ್ತಿಯ ಮನೆಯಲ್ಲಿ ಹುಟ್ಟಿ ಬೆಳೆದ ನಮಗೆ ಮಂಗಳಾರತಿ ತಟ್ಟೆಯ ಕಾಸಿನ ಏರಿಳಿತ ಚೆನ್ನಾಗಿ ಗೊತ್ತು. ತಟ್ಟೆಯೇ ಇಲ್ಲದ ತಿಂಗಳುಗಳನ್ನು ಆಗ ಕಂಡೆವು. ಪೌರೋಹಿತ್ಯದವರು, ಮದುವೆಮನೆಯ ಅಡಿಗೆಯವರು, ಅವರ ಕೈಕೆಳಗೆ ಬಡಿಸುವ ಹುಡುಗರು, ಮಂಟಪದ ಹೂವಿನವರು, ಓಲಗದವರು, ಇವರೆಲ್ಲರ ವರ್ಷದ ಗಳಿಕೆಯ ಬಹುಪಾಲು ಆ ಕೆಲವು ತಿಂಗಳುಗಳದ್ದು. ಮರುವರ್ಷ, 2021ರ ಏಪ್ರಿಲ್ ಕೊನೆಯಲ್ಲಿ, ಮತ್ತೆ ಅದೇ ಕಾಲಕ್ಕೆ ಅದೇ ಪೆಟ್ಟು ಬಿದ್ದಿತು. ರೋಗ ಹೋಯಿತು, ಆ ಎರಡು ವರ್ಷಗಳಲ್ಲಿ ಕೈಸಾಲ ಮಾಡಿದ ಮನೆಗಳು ಅದನ್ನು ತೀರಿಸಲು ಎಷ್ಟು ವರ್ಷ ಹಿಡಿಯಿತೆಂಬುದನ್ನು ಯಾರೂ ಎಣಿಸಲಿಲ್ಲ.

ರೋಗರುಜಿನದ ಮಾತನ್ನು ಬಿಟ್ಟರೂ, ಪ್ರತಿ ವರ್ಷವೂ ಆಷಾಢವೆಂಬುದೊಂದು ಬರುತ್ತದೆ, ಧನುರ್ಮಾಸವೊಂದು ಬರುತ್ತದೆ. ಮುಹೂರ್ತವಿಲ್ಲದ ತಿಂಗಳಲ್ಲಿ ಅಡಿಗೆಯವನಿಗೆ ಕೆಲಸವಿಲ್ಲ. ಆಷಾಢದ ಆಸುಪಾಸಿನಲ್ಲಿಯೇ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಗಳ ಖರ್ಚು. ನಮ್ಮ ಮೈಸೂರಿನಲ್ಲಿ ಇನ್ನೊಂದು ವಿಶೇಷವನ್ನು ನೋಡಿ: ಆಷಾಢ ಶುಕ್ರವಾರಗಳಂದು ಚಾಮುಂಡಿಬೆಟ್ಟದಲ್ಲಿಯೂ ಊರಿನ ಬೀದಿಗಳಲ್ಲಿಯೂ ಪ್ರಸಾದದ ಹೊಳೆ ಹರಿಯುತ್ತದೆ. ಪೊಂಗಲ್, ಬಿಸಿಬೇಳೆಭಾತ್, ಕೇಸರಿಭಾತ್ ಎಂದು ಒಬ್ಬನು ನಾಲ್ಕು ಬೀದಿ ತಿರುಗಿದರೆ ನಾಲ್ಕು ಕಡೆ ದೊನ್ನೆ ಸಿಗುತ್ತದೆ. ಅನ್ನದಾನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಮ್ಮನವರ ಹೆಸರಿನಲ್ಲಿ ಆಗುವ ಸೇವೆ ದೊಡ್ಡದೇ. ಆದರೆ ಶಾಮಿಯಾನದ ಕೆಳಗೆ ಸಾಲಿನಲ್ಲಿ ನಿಂತು ದೊನ್ನೆ ಹಿಡಿಯುವವನ ಕಷ್ಟ ಬೇರೆ, ಔಷಧದ ಚೀಟಿಯನ್ನು ಮಡಿಸಿ ದೇವರ ಗೂಡಿನಲ್ಲಿಟ್ಟು ಮುಂದಿನ ತಿಂಗಳು ನೋಡೋಣವೆನ್ನುವ ಗೃಹಿಣಿಯ ಕಷ್ಟ ಬೇರೆ. ಎರಡನೆಯವಳು ಯಾವ ಸಾಲಿಗೂ ಬರುವವಳಲ್ಲ.

ಈ ಮಾತನ್ನು ಭಾಗವತದ ದಶಮಸ್ಕಂಧ ನಮಗೆ ಬಹು ಸೂಕ್ಷ್ಮವಾಗಿ ತಿಳಿಸುತ್ತದೆ. ಕುಚೇಲನು ಹೆಂಡತಿಯ ಬಲವಂತಕ್ಕೆ ದ್ವಾರಕೆಗೆ ಹೊರಟನು. ಹೋದನು, ಸ್ವಾಮಿಯ ಮಂಚದ ಮೇಲೆಯೇ ಕುಳಿತನು, ಗುರುಕುಲದ ಮಾತುಗಳನ್ನಾಡಿದನು. ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಶ್ರೀಕೃಷ್ಣನು ಮಾಡಿದ್ದೇನು? ಅರಮನೆಯವರೆಲ್ಲರ ಎದುರಿನಲ್ಲಿ ಒಂದು ಗಂಟು ಕಟ್ಟಿ ಕೈಗೆ ಕೊಡಲಿಲ್ಲ. ಗೆಳೆಯನನ್ನು ಬರಿಗೈಯಲ್ಲಿಯೇ ಬೀಳ್ಕೊಟ್ಟನು. ಮನೆ ತಲಪುವ ಹೊತ್ತಿಗೆ ಮನೆಯೇ ಬೇರೆಯಾಗಿತ್ತು. ಕೊಟ್ಟವನ ಕೈ ಕಾಣಲಿಲ್ಲ, ಪಡೆದವನ ತಲೆ ತಗ್ಗಲಿಲ್ಲ. ಕೇಳದವನ ಬಡತನವನ್ನು ಅರಿಯುವುದು ಸರ್ವಜ್ಞನಾದ ಸ್ವಾಮಿಗೆ ಸಹಜ. ಅಲ್ಪಜ್ಞರಾದ ನಾವು ಅದಕ್ಕಾಗಿ ನಾಲ್ಕು ಮನೆ ನಡೆದು ವಿಚಾರಿಸಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಇದಕ್ಕೆ ಪ್ರತಿಯಾದ ಚಿತ್ರ ಶ್ರೀಪುರಂದರದಾಸರ ಪೂರ್ವಾಶ್ರಮದ ಐತಿಹ್ಯದಲ್ಲಿದೆ. ಮಗನ ಉಪನಯನಕ್ಕೆಂದು ಧನ ಬೇಡಿ ಬಂದ ಬಡಬ್ರಾಹ್ಮಣನನ್ನು ಶ್ರೀನಿವಾಸನಾಯಕರು ಇಂದು ಬಾ, ನಾಳೆ ಬಾ ಎಂದು ತಿಂಗಳುಗಟ್ಟಲೆ ತಿರುಗಿಸಿ, ಕೊನೆಗೆ ಸವಕಲು ನಾಣ್ಯಗಳನ್ನು ಮುಂದಿಟ್ಟರಂತೆ. ಒಳಗಿನಿಂದ ಸರಸ್ವತೀಬಾಯಿಯವರು ತಮ್ಮ ಮೂಗುತಿಯನ್ನೇ ಬಿಚ್ಚಿಕೊಟ್ಟರು. ಮುಂದಿನ ಕಥೆ ತಮಗೆ ಗೊತ್ತು. ಕೊಡದಿರುವುದಕ್ಕಿಂತ ತಿರುಗಿಸುವುದೇ ಹೆಚ್ಚು ನೋವಿನದೆಂಬ ಅಂಶ ಆ ಕಥೆಯಲ್ಲಿ ನಮಗೆ ಯಾವಾಗಲೂ ಎದ್ದು ಕಾಣುತ್ತದೆ. ಇಂದಿನ ಎಷ್ಟೋ ಸಹಾಯನಿಧಿಗಳಲ್ಲಿ ಅರ್ಜಿ, ಫೋಟೋ, ಶಿಫಾರಸು, ಸಭೆ, ಮುಂದಿನ ಸಭೆ ಎಂದು ಆಗುವುದೂ ಇದೇ ಅಲ್ಲವೇ?

ನಮ್ಮ ಊರಿನಲ್ಲಿ ಇದಕ್ಕೊಂದು ಹಳೆಯ ಏರ್ಪಾಟಿತ್ತು. ಅದಕ್ಕೆ ವಾರಾನ್ನವೆಂದು ಹೆಸರು. ಹಳ್ಳಿಗಳಿಂದ ಮೈಸೂರಿಗೆ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಓದು ಮುಗಿಸುತ್ತಿದ್ದರು. ಇಂದು ದೊಡ್ಡ ಹುದ್ದೆಗಳಿಂದ ನಿವೃತ್ತರಾದ ಎಷ್ಟೋ ಹಿರಿಯರ ಮನೆತನದಲ್ಲಿ ಅಜ್ಜನೋ ತಂದೆಯೋ ವಾರಾನ್ನದಲ್ಲಿ ಬೆಳೆದವರೇ. ಅದರ ಲೆಕ್ಕ ಎಷ್ಟು ಜಾಣತನದ್ದು ನೋಡಿ: ಒಬ್ಬ ಹುಡುಗನ ಹೊರೆ ಏಳು ಮನೆಗಳಿಗೆ ಹಂಚಿಹೋಯಿತು, ಒಂದೊಂದು ಮನೆಗೆ ವಾರಕ್ಕೆ ಒಂದು ದಿನದ ಅನ್ನ. ಶ್ರೀಮಂತನೇ ಆಗಬೇಕೆಂದಿಲ್ಲ, ಗುಮಾಸ್ತೆಯೂ ಕೊಡಬಲ್ಲನು. ಆದರೆ ಅದರ ಇನ್ನೊಂದು ಮುಖವನ್ನು ಮರೆಮಾಚುವುದು ಸಲ್ಲದು. ಆ ಮನೆಯಲ್ಲಿ ಸೂತಕ ಬಂದರೆ, ಮನೆಯವರು ಊರಿಗೆ ಹೋದರೆ, ಅಂದು ಹುಡುಗನಿಗೆ ಉಪವಾಸ. ಪ್ರೀತಿಯಿಂದ ಬಡಿಸಿದ ತಾಯಂದಿರಿದ್ದರು. ನೀರು ಸೇದಿಸಿ, ಅಂಗಡಿಗೆ ಓಡಿಸಿ, ಮೂಲೆಯಲ್ಲಿ ಎಲೆ ಹಾಕಿದವರೂ ಇದ್ದರು. ಹೊಸ್ತಿಲ ಹೊರಗೆ ನಿಂತು, ಇಂದು ನನ್ನ ವಾರ ಎಂದು ಹತ್ತು ಹನ್ನೆರಡು ವರ್ಷದ ಬಾಲಕ ಹೇಳಬೇಕಾಗಿತ್ತಲ್ಲ, ಆ ಒಂದು ಕ್ಷಣದ ಸಂಕೋಚವನ್ನು ಅವರಲ್ಲಿ ಹಲವರು ಮುಪ್ಪಿನವರೆಗೂ ಮರೆಯಲಿಲ್ಲ.

ಆ ಸಂಕೋಚವನ್ನು ಅರಿತು ನಡೆದ ಮಹನೀಯರೊಬ್ಬರು ನಮ್ಮ ನಗರದಲ್ಲಿಯೇ ಇದ್ದರು. ತಾತಯ್ಯನವರೆಂದು ಜನ ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು (1844–1933) ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ಪತ್ರಿಕಾಕರ್ತರು. ಬಡ ವಿದ್ಯಾರ್ಥಿಗಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿ ದಾನಿಗಳ ನೆರವಿನಿಂದ ನಡೆಸಿದರು. ಏಳು ಮನೆಗಳ ಹೊಸ್ತಿಲ ಬದಲು ಹುಡುಗನಿಗೆ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಸೂರು ದೊರೆಯಿತು. ಬೇಡುವ ಕೆಲಸವನ್ನು ಹುಡುಗನ ಹೆಗಲಿನಿಂದ ಇಳಿಸಿ ದೊಡ್ಡವರು ತಮ್ಮ ಹೆಗಲಿಗೆ ಹಾಕಿಕೊಂಡರು. ಮಹಾರಾಜರು ಅವರಿಗೆ ದಯಾಸಾಗರ ಎಂಬ ಬಿರುದನ್ನಿತ್ತರು. ಪೇಟೆಗೆ ಹೋಗುವಾಗ ನಗರದ ನಡುವೆ ತಾತಯ್ಯನವರ ಪ್ರತಿಮೆಯ ಪಕ್ಕದಲ್ಲಿ ದಿನವೂ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ಮಕ್ಕಳಿಗೆ ಹೇಳಿದ್ದೇವೆ?

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಶ್ರೀಮದಾಚಾರ್ಯರು ಗೀತೆಯ ವ್ಯಾಖ್ಯಾನದ ಸಂದರ್ಭದಲ್ಲಿ, ನಾನಾ ಬಗೆಯ ಜನರ ಶುಶ್ರೂಷೆಯು ಭಗವಂತನಿಗೆ ನಾವು ಸಲ್ಲಿಸಬೇಕಾದ ಕರದಂತೆ ಎಂಬ ಅಭಿಪ್ರಾಯವನ್ನು ಅಪ್ಪಣೆ ಕೊಡಿಸಿದ್ದಾರೆ. ಕರ, ಅಂದರೆ ಕಂದಾಯ. ಈ ಒಂದು ಹೋಲಿಕೆಯನ್ನು ಚೆನ್ನಾಗಿ ಮನನ ಮಾಡಬೇಕು. ಕಂದಾಯ ಕಟ್ಟಿದವನು ತಾನು ಸರ್ಕಾರಕ್ಕೆ ಉಪಕಾರ ಮಾಡಿದೆನೆಂದು ತಿಳಿಯುತ್ತಾನೆಯೇ? ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಅಮೃತಶಿಲೆಯಲ್ಲಿ ತನ್ನ ಹೆಸರನ್ನು ಕೆತ್ತಿಸಿರೆಂದು ಕೇಳುತ್ತಾನೆಯೇ? ಕಟ್ಟದಿದ್ದರೆ ಬಾಕಿ, ಕಟ್ಟಿದರೆ ಋಣಮುಕ್ತಿ. ನಡುವೆ ಹೆಮ್ಮೆಗೆ ಎಡೆಯೇ ಇಲ್ಲ. ಭೂಮಿ ಅವನದು, ಫಸಲು ಅವನದು, ನಾವು ಗೇಣಿದಾರರು ಎಂಬ ಅಸ್ವಾತಂತ್ರ್ಯದ ಅನುಸಂಧಾನವಿದ್ದವನಿಗೆ ಕೊಡುವಾಗ ಕೈ ನಡುಗುವುದಿಲ್ಲ, ಎದೆ ಉಬ್ಬುವುದೂ ಇಲ್ಲ. ತೈತ್ತಿರೀಯೋಪನಿಷತ್ತು ಶ್ರದ್ಧೆಯಿಂದ ಕೊಡು ಎಂದು ಹೇಳಿ ಅಲ್ಲಿಗೇ ನಿಲ್ಲಿಸದೆ, ಲಜ್ಜೆಯಿಂದ ಕೊಡು, ಭಯದಿಂದ ಕೊಡು ಎಂದೂ ವಿಧಿಸಿತು. ನಾಚಿಕೆ ಪಡೆಯುವವನಿಗೆ ಹೇಳಿದ್ದಲ್ಲ, ಕೊಡುವವನಿಗೆ ಹೇಳಿದ್ದು! ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಪಾತ್ರಾಪಾತ್ರ ವಿವೇಚನೆ ಬೇಡವೇ, ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದೇಶ ಕಾಲ ಪಾತ್ರಗಳನ್ನು ಹೇಳಿಲ್ಲವೇ ಎಂದು ಆಕ್ಷೇಪಿಸುವವರುಂಟು. ಹೇಳಿದೆ. ಗೋದಾನ, ಭೂದಾನಗಳಿಗೆ ಪಾತ್ರತೆಯನ್ನು ಧಾರಾಳವಾಗಿ ವಿಚಾರಿಸಬಹುದು. ಅನ್ನದ ವಿಷಯದಲ್ಲಿ ಹಸಿವೇ ಪಾತ್ರತೆಯೆಂದು ನಮ್ಮ ಹಿರಿಯರು ತೀರ್ಮಾನಿಸಿದ್ದಾರೆ. ಅದೇ ಅಧ್ಯಾಯದಲ್ಲಿ, ಸತ್ಕಾರವಿಲ್ಲದೆ ಅವಜ್ಞೆಯಿಂದ ಕೊಟ್ಟದ್ದು ತಾಮಸವೆಂದೂ ಹೇಳಿದೆ. ಪಾತ್ರವನ್ನು ಹುಡುಕುವ ಭರದಲ್ಲಿ ಆ ಭಾಗವನ್ನು ಓದದೆ ಬಿಡಬಾರದು.

ನಮ್ಮವರಿಗೆ ಮಾತ್ರವೇ, ಎಲ್ಲರಿಗೂ ಏನು ಎಂಬುದು ಇನ್ನೊಂದು ಪ್ರಶ್ನೆ. ವಾರಾನ್ನ ನಮ್ಮ ಮನೆಗಳಲ್ಲಿ ನಮ್ಮ ಹುಡುಗರಿಗೇ ಮೀಸಲಾಗಿತ್ತು; ಅದು ಅದರ ಮಿತಿ. ನವಮಸ್ಕಂಧದ ರಂತಿದೇವನ ಉಪಾಖ್ಯಾನವನ್ನು ನೋಡಬೇಕು. ನಲವತ್ತೆಂಟು ದಿನ ನೀರೂ ಇಲ್ಲದೆ ಕಳೆದ ಆ ರಾಜನು ದೊರೆತ ಅನ್ನವನ್ನು ಮೊದಲು ಬ್ರಾಹ್ಮಣನಿಗೆ, ಅನಂತರ ಶೂದ್ರನಿಗೆ, ಅನಂತರ ನಾಯಿಗಳೊಡನೆ ಬಂದವನಿಗೆ ಕೊಟ್ಟು, ಕೊನೆಗೆ ಉಳಿದ ನೀರನ್ನೂ ಪುಲ್ಕಸನೊಬ್ಬನಿಗೆ ಎರೆದನು. ಕಥೆ ಬ್ರಾಹ್ಮಣನ ಬಳಿ ನಿಲ್ಲಲಿಲ್ಲ. ನಮ್ಮ ಕಾಲದಲ್ಲಿಯೇ ಪೇಜಾವರದ ಶ್ರೀವಿಶ್ವೇಶತೀರ್ಥ ಶ್ರೀಪಾದರು, 2019ರ ಡಿಸೆಂಬರ್ 29ರಂದು ಹರಿಪಾದ ಸೇರುವವರೆಗೂ, ಆ ದಾರಿಯಲ್ಲಿ ನಡೆದು ತೋರಿಸಿದರು. 1977ರ ನವೆಂಬರಿನಲ್ಲಿ ಆಂಧ್ರದ ಕರಾವಳಿ ಚಂಡಮಾರುತಕ್ಕೆ ಸಿಕ್ಕಿ ನಾಶವಾದಾಗ ಅಲ್ಲಿಯ ಸಂತ್ರಸ್ತರ ಆಸರೆಗೆ ನಿಂತರು. ದಲಿತರ ಕೇರಿಗಳಿಗೆ ಪಾದಯಾತ್ರೆ ಮಾಡಿದರು. ಮದುವೆಮನೆಯ ಪಾತ್ರೆ ತೊಳೆಯುವವಳೂ, ದೇವರಿಗೆ ಹೂ ಕಟ್ಟಿ ತರುವವಳೂ ನಮ್ಮ ಉತ್ಸವಗಳಿಗೆ ಬೇಕಾದವರೇ ಆದರೆ ನಮ್ಮ ಪಟ್ಟಿಯಲ್ಲಿಯೂ ಅವರಿರಬೇಕು.

ಮಾಡಬೇಕಾದದ್ದೇನು? ನಮಗೆ ತೋಚಿದ್ದನ್ನು ಹೇಳುತ್ತೇವೆ. ಏಕಾದಶಿಯಂದು ಆಳಿಗೆ ಕಾಲು ಕಿಲೋ, ಹಳಬರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಪಾವು, ಅಕ್ಕಿ ಉಳಿಯಿತೆಂದಿಟ್ಟುಕೊಳ್ಳಿ. ನಾಲ್ವರ ಮನೆಯಲ್ಲಿ ಒಂದು ಕಿಲೋ. ವರ್ಷಕ್ಕೆ 24 ಏಕಾದಶಿ. ಅಧಿಕಮಾಸ ಬಂದರೆ 26. 50 ಮನೆಗಳು ಸೇರಿದರೆ ವರ್ಷಕ್ಕೆ 1,200 ಕಿಲೋ, ಅಂದರೆ 12 ಕ್ವಿಂಟಾಲ್. ಕಿಲೋಗೆ 60 ರೂಪಾಯಿ ಹಿಡಿದರೂ 72,000 ರೂಪಾಯಿ ಆಯಿತು. ಯಾರ ಮನೆಯ ಒಡವೆಯೂ ಕರಗಲಿಲ್ಲ, ಯಾರ ಬಳಿಯೂ ರಸೀದಿಪುಸ್ತಕ ಹಿಡಿದು ಹೋಗಲಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಪಡಿತರ ಚೀಟಿಯುಳ್ಳ ಮನೆಗಳಿಗೆ ಅಕ್ಕಿಯ ಚಿಂತೆ ಬಹಳಮಟ್ಟಿಗೆ ತಪ್ಪಿದೆ. ಅಂತಹವರಿಗೆ ಬೇಕಾದದ್ದು ಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರ್, ಔಷಧ, ಮಗುವಿನ ಶುಲ್ಕ. ಆದ್ದರಿಂದ ಅಕ್ಕಿಯನ್ನೇ ತರಬೇಕೆಂದಿಲ್ಲ, ಅದರ ಬೆಲೆಯನ್ನು ತಂದರೂ ಸರಿಯೇ. ಅಧಿಕಮಾಸದ ಮೂವತ್ತಮೂರು ಅಪೂಪಗಳ ದಾನ ಪ್ರಾಯಶಃ ಉಳ್ಳವರಿಂದ ಉಳ್ಳವರಿಗೇ, ಅಳಿಯಂದಿರಿಗೇ ಹೋಗುತ್ತಿದೆ. ಅದರಲ್ಲೊಂದು ಪಾಲನ್ನು ಈ ಕಡೆಗೆ ತಿರುಗಿಸಿದರೆ ಪುರುಷೋತ್ತಮನು ಮುನಿಯಲಾರನು. ಚಾತುರ್ಮಾಸ್ಯದ ಶಾಕವ್ರತದಲ್ಲಿ ತರಕಾರಿಯ ಹಣವೂ ಉಳಿಯುತ್ತದೆಂದು ನಾವು ಹೇಳಹೊರಟರೆ, ಉಳಿದದ್ದೆಲ್ಲ ಬೇಳೆಕಾಳಿಗೆ ಹೋಗುತ್ತದೆಂದು ಮಾತೆಯರು ಉತ್ತರಿಸುತ್ತಾರೆ. ಅವರ ಮಾತು ನಿಜವಿರಬಹುದು. ಅದನ್ನು ಒತ್ತಾಯಿಸುವುದಿಲ್ಲ.

ಎರಡು ನಿಯಮಗಳನ್ನು ಮಾತ್ರ ಸಡಿಲಿಸಲಾಗದು. ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಲೆಕ್ಕ ಪ್ರತಿ ತಿಂಗಳೂ ದೇವಸ್ಥಾನದ ಫಲಕದ ಮೇಲೆ ಎಲ್ಲರ ಕಣ್ಣಿಗೆ ಬೀಳಬೇಕು. ದೇವರ ಹೆಸರಿನ ಹಣವೆಂದು ಲೆಕ್ಕ ಕೇಳದಿರುವುದು ಭಕ್ತಿಯಲ್ಲ, ಆಲಸ್ಯ. ಆದರೆ ಯಾವ ಮನೆಗೆ ಹೋಯಿತೆಂಬ ಹೆಸರು ಫಲಕದ ಮೇಲೂ ಬರಬಾರದು, ಜಗುಲಿಯ ಮಾತಿನಲ್ಲೂ ಬರಬಾರದು. ಇಬ್ಬರು ಹಿರಿಯರು, ಅವರಲ್ಲೊಬ್ಬರು ಮಾತೆಯರು, ಅವರಿಗೆ ಮಾತ್ರ ಅದು ತಿಳಿದಿದ್ದರೆ ಸಾಕು. ಕೊಡುವಾಗ ಫೋಟೋ ತೆಗೆಯುವ ಹವ್ಯಾಸ ಸರ್ವಥಾ ಬೇಡ. ನಿಧಿಯನ್ನು ಬ್ಯಾಂಕಿನಲ್ಲಿ ಬೆಳೆಯಿಸುವ ಆಸೆಯೂ ಬೇಡ. ದಾಸರಾಯರು ಗೋಪಾಳಬುಟ್ಟಿಯಲ್ಲಿ ಬಂದದ್ದನ್ನು ನಾಳೆಗೆಂದು ಇಟ್ಟವರಲ್ಲ. ಆಷಾಢಕ್ಕೆ ಮುಂಚೆ ಒಂದಿಷ್ಟು ಕೂಡಿಟ್ಟುಕೊಳ್ಳುವುದು ವಿವೇಕ. ಬಡ್ಡಿಯನ್ನು ನೋಡಿ ಸಂತೋಷಪಡುವುದು ಬೇರೆ.

ತರುಣರಿಗೆ ಒಂದು ಮಾತು. ನಿಮ್ಮಲ್ಲಿ ಕೊಡಲು ಹಣವಿಲ್ಲದಿರಬಹುದು, ಸ್ಕೂಟರಿದೆ. ಒಂಟಿಯಾಗಿರುವ ವೃದ್ಧ ದಂಪತಿಗಳನ್ನು ಕೃಷ್ಣರಾಜೇಂದ್ರ ಆಸ್ಪತ್ರೆಗೆ ಕರೆದೊಯ್ದು ಚೀಟಿ ಮಾಡಿಸಿ ಮನೆಗೆ ಮುಟ್ಟಿಸುವುದೂ, ಪಿಂಚಣಿಯ ಅರ್ಜಿ ತುಂಬಿಸಿಕೊಡುವುದೂ ಮೇಲೆ ಹೇಳಿದ ಕಂದಾಯದ ಲೆಕ್ಕಕ್ಕೇ ಸೇರುತ್ತವೆ.

ಬರುವ ದಶಮಿಯ ದಿನ ಅಕ್ಕಿಯನ್ನು ಅಳೆದು ಬೇರೆ ಚೀಲದಲ್ಲಿಡಿ. ದ್ವಾದಶಿಯ ಬೆಳಿಗ್ಗೆ ತೀರ್ಥಕ್ಕೆ ಬರುವಾಗ ಜೊತೆಯಲ್ಲಿ ತಂದು ಪ್ರಾಕಾರದ ಪಡಸಾಲೆಯಲ್ಲಿರುವ ಡಬ್ಬಿಗೆ ಸುರಿಯಬಹುದು. ಡಬ್ಬಿಯ ಮೇಲೆ ಯಾರ ಹೆಸರನ್ನೂ ಬರೆದಿಲ್ಲ. ಹಣ ತರುವವರು ಲಕೋಟೆಯ ಮೇಲೆ ‘ಏಕಾದಶಿ’ ಎಂದಷ್ಟೇ ಬರೆದರೆ ಸಾಕು.

॥ ಶ್ರೀಕೃಷ್ಣಾರ್ಪಣಮಸ್ತು ॥